ಇಳಿದ ತೂಕ ಮತ್ತೆ ಏರುತ್ತಿದೆ, ಡಾಕ್ಟರ ಹತ್ತಿರ ಹೋಗಲು ನಾಚಿಕೆ

ಪ್ರಶ್ನೆ: ಡಾಕ್ಟರಮ್ಮ, ನಾನು ಸಿಂಧನೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ವಯಸ್ಸು 43. ನಾಲ್ಕು ವರ್ಷದ ಹಿಂದೆ ಹೈದರಾಬಾದಿನಲ್ಲಿ ತೂಕ ಇಳಿಸುವ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆ. ಆಗ 118 ಕೆ.ಜಿ. ಇದ್ದೆ, ಒಂದೂವರೆ ವರ್ಷದಲ್ಲಿ 74ಕ್ಕೆ ಬಂದೆ. ಶುಗರ್ ಗುಳಿಗೆ ನಿಂತವು. ಈಗ ಮತ್ತೆ 89 ಆಗಿದ್ದೇನೆ. ಊಟ ಈಗಲೂ ಒಂದೂವರೆ ರೊಟ್ಟಿ ದಾಟುವುದಿಲ್ಲ. ನಡುನಡುವೆ ಚಹಾ, ಸಂಜೆ ಒಂದಿಷ್ಟು ಮಂಡಕ್ಕಿ, ಅಷ್ಟೇ. ನಾವು ಸಸ್ಯಾಹಾರಿಗಳು. ಎದೆ ಉರಿಗೆ ಮೆಡಿಕಲ್ ಶಾಪಿನಿಂದ ಗ್ಯಾಸಿನ ಗುಳಿಗೆ ತಂದು ದಿನಾ ನುಂಗುತ್ತೇನೆ. ವಿಟಮಿನ್ ಗುಳಿಗೆ ಬಿಟ್ಟು ಎರಡು ವರ್ಷವಾಯಿತು. ಅತ್ತೆ "ನಾಕು ಲಕ್ಷ ಹೊಳ್ಯಾಗ ಹಾಕಿದಂಗಾತು" ಅಂತಾರೆ. ಆಪರೇಷನ್ ಮಾಡಿದ ಡಾಕ್ಟರಿಗೆ ಮುಖ ತೋರಿಸಲು ನಾಚಿಕೆ. ಆಪರೇಷನ್ ಫೇಲ್ ಆಯಿತೇ? ಇನ್ನೊಮ್ಮೆ ಮಾಡಿಸಬೇಕೇ? ಈಚೆಗೆ ಪಾದ ಜೋಮು ಹಿಡಿದಂತೆ ಇರುತ್ತದೆ, ಅದು ಶುಗರಿನದೇ ಇರಬೇಕು.

ಉತ್ತರ: ಟೀಚರೇ, ತೂಕದ ಮಾತು ಆಮೇಲೆ. ಪತ್ರದ ಕೊನೆಯಲ್ಲಿ ನೀವು ಹಗುರವಾಗಿ ಬರೆದು ಬಿಟ್ಟ ಪಾದದ ಜೋಮು ನನ್ನನ್ನು ಕಾಡುತ್ತಿದೆ. ಅದು ಸಕ್ಕರೆ ಕಾಯಿಲೆಯದೂ ಇರಬಹುದು. ಆದರೆ ನನ್ನ ಅನುಮಾನ ವಿಟಮಿನ್ ಬಿ12 ಮೇಲೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಆಹಾರದೊಳಗಿನ ಬಿ12 ಬಿಡಿಸುವ ಆಮ್ಲವೂ, ಅದನ್ನು ಕರುಳು ಹೀರಿಕೊಳ್ಳುವಂತೆ ಮಾಡುವ ಪ್ರೋಟೀನೂ ತಯಾರಾಗುವುದು ಅದೇ ಜಠರದಲ್ಲಿ. ಮೇಲೆ ನೀವು ಸಸ್ಯಾಹಾರಿ, ಹಾಲು ಮೊಸರು ಬಿಟ್ಟರೆ ಬಿ12 ಬರುವ ದಾರಿ ಇಲ್ಲ. ಉಳಿದ ಆಮ್ಲವನ್ನೂ ಗ್ಯಾಸಿನ ಗುಳಿಗೆ ತಗ್ಗಿಸುತ್ತಿದೆ. ವಿಟಮಿನ್ ಗುಳಿಗೆಯನ್ನೂ ಬಿಟ್ಟಿದ್ದೀರಿ. ಈ ಕೊರತೆ ಬಹಳ ದಿನ ಉಳಿದರೆ ನರಗಳು, ಬೆನ್ನುಹುರಿ ಹಾಳಾಗುತ್ತವೆ, ನಡಿಗೆ ತೂರಾಡುತ್ತದೆ. ಒಂದು ಹಂತ ದಾಟಿದ ಮೇಲೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಪೂರ್ತಿ ಸರಿಹೋಗುವುದಿಲ್ಲ.

ಹಾಗಾಗಿ ಈ ವಾರವೇ ಸಿಂಧನೂರಿನಲ್ಲೋ ರಾಯಚೂರಿನಲ್ಲೋ ಫಿಸಿಷಿಯನ್ ಒಬ್ಬರನ್ನು ಕಾಣಿ. ಬಿ12, ಹಿಮೋಗ್ಲೋಬಿನ್, ಕಬ್ಬಿಣಾಂಶದ ಫೆರಿಟಿನ್, ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ಸರಾಸರಿ, ಇಷ್ಟನ್ನು ನೋಡಿಸಿ. ಪರೀಕ್ಷೆಗೆ ರಕ್ತ ಕೊಟ್ಟ ಮೇಲೆ ಬಿ12 ಇಂಜೆಕ್ಷನ್ ತೆಗೆದುಕೊಳ್ಳಿ, ಮೊದಲೇ ತೆಗೆದುಕೊಂಡರೆ ಬಿ12 ಲೆಕ್ಕ ಸರಿಯಾಗಿ ಸಿಗುವುದಿಲ್ಲ. ರಕ್ತ ಕಡಿಮೆ ಎಂದು ಯಾರಾದರೂ ಬರೀ ಫೋಲಿಕ್ ಆಸಿಡ್ ಟಾನಿಕ್ ಕೊಟ್ಟರೆ ಬೇಡ ಅನ್ನಿ. ಅದರಿಂದ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಒಳಗೆ ನರದ ಹಾನಿ ನಡೆದೇ ಇರುತ್ತದೆ. ಈ ಆಪರೇಷನ್ ಆದವರಿಗೆ ವಿಟಮಿನ್ ಗುಳಿಗೆ ಜೀವನಪೂರ್ತಿ.

ಈಗ ತೂಕ. ನೀವು ಇಳಿಸಿದ್ದು 44 ಕೆ.ಜಿ., ಮರಳಿ ಬಂದದ್ದು 15. ಮೊದಲಿನ ತೂಕಕ್ಕಿಂತ ಇವತ್ತಿಗೂ ನೂರಕ್ಕೆ 25ರಷ್ಟು ಕೆಳಗಿದ್ದೀರಿ. ಸ್ವೀಡನ್ನಿನಲ್ಲಿ ಇಂಥ ಆಪರೇಷನ್ ಆದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಸ್ಲೀವ್‌ಗಿಂತ ದೊಡ್ಡದಾದ ಜಠರದ ಬೈಪಾಸ್ (ಊಟ ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುವಂತೆ ಮಾಡುವ ಆಪರೇಷನ್) ಮಾಡಿಸಿಕೊಂಡವರೂ ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ನೂರಕ್ಕೆ 32ರಷ್ಟು ಇಳಿದು, ಹತ್ತು ವರ್ಷಕ್ಕೆ 25ಕ್ಕೆ ಬಂದು ನಿಂತಿದ್ದರು. ಒಂದಿಷ್ಟು ತೂಕ ಮರಳುವುದು ಈ ದಾರಿಯಲ್ಲಿ ಎಲ್ಲೆಡೆ ಕಂಡ ಸಂಗತಿ. ತೂಕ ಇಳಿದ ಮೇಲೆ ದೇಹ ಉರಿಸುವ ಶಕ್ತಿಯೂ ಕಡಿಮೆಯಾಗುತ್ತದೆ, ಹಸಿವು ನಿಧಾನಕ್ಕೆ ಮರಳುತ್ತದೆ, ಕೆಲವರಲ್ಲಿ ಉಳಿದ ಜಠರ ಸ್ವಲ್ಪ ಹಿಗ್ಗುತ್ತದೆ. ಬೊಜ್ಜು ಮರುಕಳಿಸುವ ಕಾಯಿಲೆ. ಬಿ.ಪಿ. ಮತ್ತೆ ಏರಿತೆಂದು ಯಾರೂ ಡಾಕ್ಟರಿಂದ ಮುಖ ಮರೆಸಿಕೊಳ್ಳುವುದಿಲ್ಲ, ನೀವ್ಯಾಕೆ ಮರೆಸಿಕೊಳ್ಳಬೇಕು? ಆ ನಾಚಿಕೆಯಿಂದಲೇ ನಿಮ್ಮ ತಪಾಸಣೆ ತಪ್ಪಿತು, ವಿಟಮಿನ್ ಗುಳಿಗೆ ನಿಂತಿತು, ಬಹುಶಃ ಪಾದದ ಜೋಮೂ ಅದರಿಂದಲೇ ಬಂತು. 15 ಕೆ.ಜಿ.ಗಿಂತ ನನಗೆ ಹೆಚ್ಚು ಭಯ ಆ ನಾಚಿಕೆಯದು.

ಊಟ ಒಂದೂವರೆ ರೊಟ್ಟಿ ದಾಟುವುದಿಲ್ಲ ಎಂಬ ನಿಮ್ಮ ಮಾತನ್ನು ಪೂರ್ತಿ ನಂಬುತ್ತೇನೆ. ಜೋಳದ ರೊಟ್ಟಿ, ಪಲ್ಯ ಸಣ್ಣ ಜಠರದಲ್ಲಿ ಕೂತು ಹೊಟ್ಟೆ ತುಂಬಿಸುತ್ತವೆ. ಮಂಡಕ್ಕಿ ಬಾಯಲ್ಲೇ ಕರಗಿ ಜಾರಿ ಹೋಗುತ್ತದೆ, ಬಟ್ಟಲುಗಟ್ಟಲೆ ತಿಂದರೂ ಸಾಕು ಅನಿಸುವುದಿಲ್ಲ. ಬಿಸ್ಕಿಟ್, ಚಿಪ್ಸ್, ಚಹಾದಲ್ಲಿ ಅದ್ದಿದ ಟೋಸ್ಟ್ ಇವೂ ಹಾಗೇ. ನಮ್ಮ ಕಡೆ ಮಂಡಕ್ಕಿ ಒಗ್ಗರಣೆ-ಮಿರ್ಚಿ ಇಲ್ಲದೆ ಸಂಜೆ ಕಳೆಯುವುದು ಕಷ್ಟ, ನನಗೆ ಗೊತ್ತು. ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ಬರುವ ಆಪರೇಷನ್ ಆದವರು ಊಟದ ಲೆಕ್ಕ ಹೇಳುವಾಗ ಮಂಡಕ್ಕಿಯನ್ನು ಸೇರಿಸುವುದೇ ಇಲ್ಲ. ಕುಡಿಯುವುದರಲ್ಲೂ ಇದೇ ಕತೆ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ಐದು ಸಲ ಎಂದರೆ ಸಕ್ಕರೆಯಿಂದಲೇ ಸುಮಾರು 200 ಕ್ಯಾಲೊರಿ. ಬೇಸಿಗೆಯ ಕಬ್ಬಿನ ಹಾಲು, ಲಸ್ಸಿ ಬೇರೆ. ರಾಯಚೂರಿನ ಬಿಸಿಲಿಗೆ ನೀರು, ಮಜ್ಜಿಗೆ ಬೇಕೇ ಬೇಕು, ಧಾರಾಳವಾಗಿ ಕುಡಿಯಿರಿ. ಆದರೆ ಊಟದ ಜೊತೆಗಲ್ಲ, ಊಟವಾಗಿ ಅರ್ಧ ತಾಸು ಬಿಟ್ಟು.

ತಾಟಿನಲ್ಲಿ ಮೊದಲು ಕಾಳು-ಬೇಳೆ ಪಲ್ಯ ತಿನ್ನಿ, ರೊಟ್ಟಿ ಆಮೇಲೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ನಿಮ್ಮ ಗುರಿ. ಒಣ ಹೆಸರುಕಾಳು 30 ಗ್ರಾಂ ಬೇಯಿಸಿದರೆ ಸುಮಾರು 7 ಗ್ರಾಂ, ಅಷ್ಟೇ ತೂಕದ ಸೋಯಾ ಚಂಕ್ಸ್‌ನಲ್ಲಿ 15, ನೂರು ಗ್ರಾಂ ಪನ್ನೀರಿನಲ್ಲಿ 18ರ ಆಸುಪಾಸು ಸಿಗುತ್ತದೆ. ಶೇಂಗಾದಲ್ಲೂ ಪ್ರೋಟೀನ್ ಇದೆ, ಆದರೆ ತೂಕದ ಅರ್ಧದಷ್ಟು ಎಣ್ಣೆ. ಶೇಂಗಾ ಹಿಂಡಿ (ಚಟ್ನಿ ಪುಡಿ) ಒಂದು ಚಮಚ ಸಾಕು. ಬೆಳಗಿನ ನಡಿಗೆಯ ಜೊತೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ನೂಕುವುದು ಮಾಡಿ. ಸ್ನಾಯು ಉಳಿಯಬೇಕು. ಪಾದದ ಜೋಮಿಗೆ ಚಿಕಿತ್ಸೆ ಶುರುವಾಗುವ ತನಕ ಬರಿಗಾಲಲ್ಲಿ ಮಾತ್ರ ನಡೆಯಬೇಡಿ.

ಎರಡನೇ ಆಪರೇಷನ್ ಬಗ್ಗೆ ಈಗಲೇ ತೀರ್ಮಾನ ಬೇಡ. ಮೊದಲು ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ, ಆಗಲಿ. ಸ್ಲೀವ್ ಆದ ಕೆಲವರಿಗೆ ಆಮ್ಲ ಮೇಲಕ್ಕೆ ನುಗ್ಗುವುದು ಹೆಚ್ಚಾಗುತ್ತದೆ, ನಿಮ್ಮ ಎದೆ ಉರಿ ಅದೇ ಇರಬಹುದು. ಅದು ತೀವ್ರವಾಗಿದ್ದು ತೂಕವೂ ಏರುತ್ತಿದ್ದರೆ ಸ್ಲೀವನ್ನು ಬೈಪಾಸ್‌ಗೆ ಬದಲಿಸುವ ದಾರಿ ಇದೆ. ಅದಕ್ಕೂ ಮೊದಲು ಔಷಧಿ ನೋಡಬಹುದು. ಹಸಿವು ತಗ್ಗಿಸುವ ಸೆಮಾಗ್ಲುಟೈಡ್, 2025ರಲ್ಲಿ ನಮ್ಮ ದೇಶಕ್ಕೆ ಬಂದ ಟಿರ್ಜೆಪಟೈಡ್ ಇಂಜೆಕ್ಷನ್‌ಗಳನ್ನು ತೂಕ ಮರಳಿದವರಿಗೂ ಕೊಡುತ್ತಾರೆ. ದುಬಾರಿ, ನಿಲ್ಲಿಸಿದರೆ ಹಸಿವು ಮರಳುತ್ತದೆ, ಡಾಕ್ಟರ ಚೀಟಿ ಇಲ್ಲದೆ ಮುಟ್ಟಲೇಬಾರದು. ಈಗಾಗಲೇ ಕಡಿಮೆ ತಿನ್ನುವ ನಿಮಗೆ ಪ್ರೋಟೀನ್, ವಿಟಮಿನ್ ಸರಿಯಾಗದೆ ಅದನ್ನು ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಅತ್ತೆಯವರಿಗೆ ನಿಂತುಹೋದ ಶುಗರ್ ಗುಳಿಗೆಯ ಹಳೇ ಚೀಟಿ ತೋರಿಸಿ. ಸಾಧ್ಯವಾದರೆ ಹೈದರಾಬಾದಿಗೆ ಅವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ಆಪರೇಷನ್ನಿನ ಡಿಸ್ಚಾರ್ಜ್ ಕಾಗದ, ಈಗ ನುಂಗುತ್ತಿರುವ ಎಲ್ಲ ಗುಳಿಗೆಗಳ ಹಾಳೆ, ಒಂದು ವಾರ ಬಾಯಿಗೆ ಹೋದದ್ದನ್ನೆಲ್ಲ ಬರೆದ ಪಟ್ಟಿ ಜೊತೆಗಿರಲಿ, ಮಂಡಕ್ಕಿಯನ್ನೂ ಸೇರಿಸಿ. ರಕ್ತದ ರಿಪೋರ್ಟ್ ಬಂದ ಮೇಲೆ ನನಗೂ ಬರೆಯಿರಿ. ಆದರೆ ಬಿ12 ಕಡಿಮೆ ಬಂದರೆ ನನ್ನ ಉತ್ತರಕ್ಕೆ ಕಾಯದೆ ಅಲ್ಲಿನ ಡಾಕ್ಟರಿಂದ ಅಂದೇ ಇಂಜೆಕ್ಷನ್ ಶುರು ಮಾಡಿಸಿಕೊಳ್ಳಿ.