ನಾಳ ತೆರೆದಿದೆ, ಹಿಗ್ಗುವುದಕ್ಕೆ ಸೋಮಾರಿತನ

ಪ್ರಶ್ನೆ: ನನಗೆ 34 ವರ್ಷ. ಎರಡು ವರ್ಷಗಳ ಹಿಂದೆ ಜ್ವರ ಬಂದು ಹೋದ ಮೇಲೆ ಸುಸ್ತು ಬಿಟ್ಟೇ ಇಲ್ಲ. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದಿದ್ದಾರೆ. ನಿಂತು ಸ್ನಾನ ಮಾಡಿದರೆ ಐದೇ ನಿಮಿಷಕ್ಕೆ ತಲೆ ತೇಲಿದಂತಾಗಿ ಎದೆ ಡವಗುಟ್ಟುತ್ತದೆ. ಇಸಿಜಿ, ಎಕೋ ಸರಿಯಿವೆ. ಈ ಕಾಯಿಲೆಯಲ್ಲಿ ರಕ್ತನಾಳಗಳೂ ಕೆಡುತ್ತವೆ ಎಂದು ಓದಿ ದಿಗಿಲಾಗಿದೆ. ನಾಳ ಕಟ್ಟಿಕೊಳ್ಳುತ್ತದೆಯೇ? ಪರೀಕ್ಷೆ ಮಾಡಿಸಲೇ?

ಉತ್ತರ: ನಾಳ ಕಟ್ಟಿಕೊಳ್ಳುವುದು ಬೇರೆ, ಬೇಕಾದಾಗ ಹಿಗ್ಗದಿರುವುದು ಬೇರೆ. ನೀವು ಓದಿರುವುದು ಎರಡನೆಯದರ ಬಗ್ಗೆ. ರಕ್ತನಾಳದ ಒಳಗೋಡೆಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ, ಹೆಸರು ಎಂಡೋಥೀಲಿಯಂ. ಹರಿವು ಜೋರಾದೊಡನೆ ಅದು ನೈಟ್ರಿಕ್ ಆಕ್ಸೈಡ್ ಹೊರಬಿಡುತ್ತದೆ, ಸುತ್ತಲಿನ ಸ್ನಾಯು ಸಡಿಲಗೊಂಡು ನಾಳ ಹಿಗ್ಗುತ್ತದೆ. ಇದನ್ನು ಅಳೆಯಲು ಮುಂದೋಳಿಗೆ ಬಿಪಿ ಪಟ್ಟಿ ಬಿಗಿದು ಐದು ನಿಮಿಷ ರಕ್ತ ತಡೆಯುತ್ತಾರೆ. ಕೈ ಜೋಮು ಹಿಡಿಯುತ್ತದೆ. ಪಟ್ಟಿ ಬಿಚ್ಚಿದೊಡನೆ ರಕ್ತ ನುಗ್ಗುತ್ತದೆ; ಅಪಧಮನಿ ಎಷ್ಟು ಅಗಲವಾಯಿತೆಂದು ಅಲ್ಟ್ರಾಸೌಂಡ್ ತೋರಿಸುತ್ತದೆ. ಆರೋಗ್ಯವಂತರಲ್ಲೂ ಈ ವ್ಯತ್ಯಾಸ ಒಂದು ಮಿಲಿಮೀಟರಿನ ಅರ್ಧವನ್ನೂ ಮುಟ್ಟುವುದು ಅಪರೂಪ.

ಬೆರಳ ತುದಿಯಲ್ಲಿ ಅಳೆಯುವ ವಿಧಾನವೂ ಉಂಟು. 2020ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಹಾಗೆ ಪರೀಕ್ಷಿಸಿದ, ನಿಮ್ಮದೇ ಕಾಯಿಲೆಯ 35 ರೋಗಿಗಳಲ್ಲಿ ಶೇ 51ರಷ್ಟು ಮಂದಿಯಲ್ಲಿ ನಾಳ ಸರಿಯಾಗಿ ಹಿಗ್ಗದ ದೋಷ ಕಂಡಿತು. ಸುದ್ದಿಯಲ್ಲಿ ಬರುವುದು ಇಷ್ಟೇ. ಅದೇ ಅಧ್ಯಯನದ ಆರೋಗ್ಯವಂತರಲ್ಲೂ ಐವರಲ್ಲಿ ಒಬ್ಬರಿಗೆ ಅದೇ ದೋಷವಿತ್ತು! ಅಲ್ಲಿಗೆ, ಈ ಪರೀಕ್ಷೆ ಸಂಶೋಧಕರಿಗೆ ಉಪಯುಕ್ತ, ನಿಮ್ಮ ಕಾಯಿಲೆಯನ್ನು ಗುರುತಿಸಲು ಅಲ್ಲ. ದುಡ್ಡು ಸುರಿಯಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಸ್ನಾನದ ಮಾತು. ನೆದರ್ಲೆಂಡ್ಸ್‌ನಲ್ಲಿ ಇದೇ ಕಾಯಿಲೆಯ 429 ರೋಗಿಗಳನ್ನು ಟಿಲ್ಟ್ ಟೇಬಲ್ (ಮಲಗಿದವರನ್ನು ಹಾಗೆಯೇ ಮೇಲೆತ್ತುವ ಮೇಜು) ಮೇಲೆ ನೆಟ್ಟಗಾಗಿಸಿದಾಗ ಮಿದುಳಿಗೆ ಹೋಗುವ ರಕ್ತ ಸರಾಸರಿ ಶೇ 26ರಷ್ಟು ಇಳಿಯಿತು; ಆರೋಗ್ಯವಂತರಲ್ಲಿ ಇಳಿದದ್ದು ಶೇ 7. ನಾಡಿ, ಬಿಪಿ ಸರಿಯಿದ್ದವರಲ್ಲೂ ಇಳಿಕೆ ಕಂಡಿತು. ನಿಮ್ಮ ಇಸಿಜಿ ಮಲಗಿದ್ದಾಗ ತೆಗೆದದ್ದು, ತೊಂದರೆ ನಿಂತಾಗಿನದು.

ಹಾಗಾಗಿ ವೈದ್ಯರಲ್ಲಿ ಹತ್ತು ನಿಮಿಷದ ನಿಲುವಿನ ಪರೀಕ್ಷೆ ಕೇಳಿ: ಮಲಗಿದ್ದಾಗ ಒಮ್ಮೆ, ಬಳಿಕ ನಿಂತು ಪ್ರತಿ ನಿಮಿಷಕ್ಕೊಮ್ಮೆ ನಾಡಿ, ಬಿಪಿ. ಬಿಪಿ ಕುಸಿಯದೆ ನಾಡಿ ನಿಮಿಷಕ್ಕೆ 30 ಬಡಿತದಷ್ಟು ಏರಿ ಅಲ್ಲೇ ನಿಂತರೆ ಪಾಟ್ಸ್ (ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಉಪ್ಪು, ನೀರು ಹೆಚ್ಚಿಸುವುದನ್ನು ಅವರನ್ನು ಕೇಳಿಯೇ ಮಾಡಿ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಕಾಯಬೇಡಿ. ಸ್ನಾನ ಮಾತ್ರ ಇಂದಿನಿಂದಲೇ ಸ್ಟೂಲಿನ ಮೇಲೆ ಕುಳಿತು, ಉಗುರುಬೆಚ್ಚಗಿನ ನೀರಿನಲ್ಲಿ. ಬಿಸಿನೀರು ಚರ್ಮದ ನಾಳಗಳನ್ನು ಹಿಗ್ಗಿಸಿ ರಕ್ತವನ್ನು ಅಲ್ಲಿಗೇ ಎಳೆದುಕೊಳ್ಳುತ್ತದೆ.