ಬ್ಯಾಂಕಿನ ಬ್ಯಾಕ್ ಆಫೀಸ್ ಕೆಲಸ: ಸೇರುವ ಮೊದಲು ಯಾವ ಪ್ರೊಸೆಸ್ ಎಂದು ಕೇಳಿ

ಶಿರಸಿಯಲ್ಲಿ ಬಿ.ಕಾಂ. ಮುಗಿಸಿದ್ದೀರಿ; ಒಂದು ಕಡೆ ಬೆಂಗಳೂರಿನ ಬ್ಯಾಂಕ್ ಪ್ರೊಸೆಸಿಂಗ್ ಕೇಂದ್ರದಿಂದ ವರ್ಷಕ್ಕೆ 3 ಲಕ್ಷ ರೂಪಾಯಿಯ ಆಫರ್ ಬಂದಿದೆ, ಇನ್ನೊಂದು ಕಡೆ ಊರಿನ ಸೊಸೈಟಿಯಲ್ಲಿ ಗುಮಾಸ್ತರ ಕೆಲಸವಿದೆ; ಗ್ರಾಹಕರ ಕಣ್ಣಿಗೆ ಬೀಳದ ಈ ಬ್ಯಾಕ್ ಆಫೀಸ್ ಕೆಲಸಕ್ಕೆ ಭವಿಷ್ಯವಿದೆಯೇ ಎಂದು ಕೇಳಿದ್ದೀರಿ. ನಾನು ಅಂಕೋಲೆಯವನು. ಕಾರವಾರದಲ್ಲಿ ಪದವಿ ಮುಗಿಸಿ ಇಂಥದೇ ಪತ್ರ ಹಿಡಿದುಕೊಂಡು ಬೆಂಗಳೂರಿಗೆ ಹೋದವನು.

ನನ್ನನ್ನು ಹಾಕಿದ್ದು ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ ದಾಖಲೆಗಳ ವಿಭಾಗಕ್ಕೆ. ಹೇಳಿದ ದಾಖಲೆಗಳನ್ನು ಸರಿಯಾಗಿ ಒಪ್ಪಿಸಿದರೆ ರಫ್ತುದಾರನಿಗೆ ಹಣ ಕೊಡುತ್ತೇನೆ ಎಂದು ಆಮದುದಾರನ ಪರವಾಗಿ ಬ್ಯಾಂಕು ಕೊಡುವ ಭರವಸೆಯೇ ಎಲ್‌ಸಿ. ಮೊದಲು ಇನ್‌ವಾಯ್ಸಿನ ಮೊತ್ತ, ಹಡಗಿನ ಹೆಸರು, ದಿನಾಂಕ ಇವನ್ನು ಸಿಸ್ಟಮ್‌ಗೆ ತುಂಬುವ ಮೇಕರ್ ಆಗಿದ್ದೆ; ಆಮೇಲೆ ದಾಖಲೆಗಳನ್ನು ನಿಯಮಕ್ಕೆ ಹಿಡಿದು ನೋಡುವ ಚೆಕ್ಕರ್ ಆದೆ. ಈ ಕೆಲಸಕ್ಕೆ ಜಗತ್ತಿನಾದ್ಯಂತ ಒಂದೇ ನಿಯಮಾವಳಿ ಇದೆ. 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಅದರಲ್ಲಿ ಇರುವುದು 39 ವಿಧಿಗಳು ಮಾತ್ರ. ದಾಖಲೆ ಕೈಸೇರಿದ ಮರುದಿನದಿಂದ ಗರಿಷ್ಠ 5 ಬ್ಯಾಂಕಿಂಗ್ ದಿನಗಳೊಳಗೆ ಬ್ಯಾಂಕು ಅದನ್ನು ಪರಿಶೀಲಿಸಿ ಮುಗಿಸಬೇಕು. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ ವಿಮೆಯು ಸರಕಿನ ಸಿಐಎಫ್ ಮೌಲ್ಯದ, ಅಂದರೆ ಬೆಲೆ, ವಿಮೆ, ಸಾಗಣೆ ವೆಚ್ಚ ಸೇರಿದ ಮೊತ್ತದ, ಶೇ. 110ಕ್ಕಿಂತ ಕಡಿಮೆ ಇರಬಾರದು. ಇನ್‌ವಾಯ್ಸಿನಲ್ಲಿ ಬರೆದ ಸರಕಿನ ವಿವರ ಎಲ್‌ಸಿಯ ವಿವರಕ್ಕೆ ಹೊಂದಬೇಕು. ವಿಮೆ, ಸರಕಿನ ವಿವರ ಇವುಗಳಲ್ಲಿ ಒಂದು ತಪ್ಪಿದರೂ ಹಣ ಕೊಡುವುದಿಲ್ಲ ಎನ್ನುವ ಹಕ್ಕು ಬ್ಯಾಂಕಿಗೆ ಬರುತ್ತದೆ. ಬೇಲೆಕೇರಿಯಿಂದ ಅದಿರು ಹೊತ್ತು ಹೋಗುವ ಹಡಗುಗಳನ್ನು ನೋಡುತ್ತ ಬೆಳೆದ ನನಗೆ, ಆ ಹಡಗಿನ ಹಿಂದೆ ಇಷ್ಟೊಂದು ಕಾಗದ ಓಡಾಡುತ್ತದೆ ಎಂಬುದು ತಿಳಿದದ್ದು ಅಲ್ಲಿಯೇ. ಆ ಕೆಲಸ ನನಗೆ ನಿಜಕ್ಕೂ ಹಿಡಿಸಿತ್ತು.

ಅದನ್ನು ಬಿಟ್ಟದ್ದೇ ನಾನು ಮಾಡಿದ ತಪ್ಪು. ಅದು ಹೇಗಾಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಡೆಯುವಾಗ ಅದು ತಪ್ಪಿನಂತೆ ಕಾಣುವುದೇ ಇಲ್ಲ. ಟೀಮ್ ಲೀಡ್ ಆಗುತ್ತೀಯಾ ಎಂದು ಮ್ಯಾನೇಜರ್ ಕೇಳಿದರು. ತಿಂಗಳಿಗೆ 4,000 ರೂಪಾಯಿ ಹೆಚ್ಚು, ಹಗಲಿನ ಶಿಫ್ಟು, ಊರಿನಲ್ಲಿ ಹೇಳಿಕೊಳ್ಳಲು ಒಂದು ಹುದ್ದೆ. ಅಕ್ಕನ ಮದುವೆಯ ಸಾಲವೂ ಇತ್ತು. ಬೇಡ ಎನ್ನಲು ಕಾರಣವೇ ಸಿಗಲಿಲ್ಲ. ಅಂದಿನಿಂದ ಎಲ್‌ಸಿಯ ಕಡತವನ್ನು ನಾನು ತೆರೆದು ನೋಡಿದ್ದು ಅಪರೂಪ. ಯಾರು ಎಷ್ಟು ಕಡತ ಮುಗಿಸಿದರು, ಯಾರು ರಜೆಯಲ್ಲಿದ್ದಾರೆ, ಯಾವ ಕಡತ ಗಡುವು ಮೀರಿತು ಎಂಬ ಎಕ್ಸೆಲ್ ಹಾಳೆಗಳೇ ನನ್ನ ದಿನವಾದವು. ಅಪ್ರೈಸಲ್ ಪ್ರತಿ ಸಲವೂ ಚೆನ್ನಾಗಿಯೇ ಬರುತ್ತಿತ್ತು. ನಾನು ಬೆಳೆಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಆದರೆ ಕಲಿಯುತ್ತಿದ್ದುದೆಲ್ಲ ಆ ಒಂದು ಕಚೇರಿಯ ವರದಿ ಮಾಡುವ ಪದ್ಧತಿ ಮಾತ್ರ. ಅದಕ್ಕೆ ಆ ಕಟ್ಟಡದ ಹೊರಗೆ ಬೆಲೆಯಿರಲಿಲ್ಲ. ಕೆಲವು ವರ್ಷಗಳ ನಂತರ ಆ ಪ್ರೊಸೆಸ್ಸನ್ನೇ ಬೇರೆ ನಗರಕ್ಕೆ ಸಾಗಿಸಿದರು. ಚೆಕ್ಕರುಗಳನ್ನು ಬೇರೆ ಬ್ಯಾಂಕುಗಳು ಕರೆದು ಕೆಲಸ ಕೊಟ್ಟವು. ಟೀಮ್ ಲೀಡ್‌ಗಳು ಮನೆಯಲ್ಲಿ ಉಳಿದೆವು.

ಒಂದು ಸಂದರ್ಶನದಲ್ಲಿ ಕೇಳಿದ ಪ್ರಶ್ನೆ ಇದು: ಎಲ್‌ಸಿಯಲ್ಲಿ ಭಾಗಶಃ ರವಾನೆಗೆ ಅವಕಾಶವಿಲ್ಲ, ಆದರೆ ಎರಡು ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೇರಿದ್ದಕ್ಕೆ ಹಡಗು ಕಂಪನಿ ಕೊಡುವ ರಸೀದಿ) ಬಂದಿವೆ, ಹಡಗು ಒಂದೇ, ಯಾನ ಒಂದೇ, ತಲುಪುವ ಬಂದರೂ ಒಂದೇ, ಸರಕು ಹೇರಿದ ದಿನಾಂಕಗಳು ಮಾತ್ರ ಬೇರೆ, ಇದನ್ನು ತಿರಸ್ಕರಿಸುತ್ತೀರಾ? ತಿರಸ್ಕರಿಸುವಂತಿಲ್ಲ, 31ನೇ ವಿಧಿಯ ಪ್ರಕಾರ ಅದು ಭಾಗಶಃ ರವಾನೆಯೇ ಅಲ್ಲ. ಚೆಕ್ಕರ್ ಆಗಿದ್ದಾಗ ನಿದ್ದೆಗಣ್ಣಿನಲ್ಲಿ ಕೇಳಿದ್ದರೂ ಹೇಳುತ್ತಿದ್ದ ಉತ್ತರ ಅಂದು ಬಾಯಿಗೆ ಬರಲಿಲ್ಲ. ಕೊನೆಗೆ ಹಿಂದಿನದಕ್ಕಿಂತ ಕಡಿಮೆ ಸಂಬಳಕ್ಕೆ, ನಾನೇ ಕೆಲಸ ಕಲಿಸಿದ್ದ ಹುಡುಗಿಯೊಬ್ಬಳ ಕೈಕೆಳಗೆ ಮತ್ತೆ ಚೆಕ್ಕರ್ ಆಗಿ ಸೇರಿದೆ. ಸಿಡಿಸಿಎಸ್ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರದ ಪರೀಕ್ಷೆಗೆ ಓದಿ ಪಾಸಾದೆ. ಇಂದು ಕಾರವಾರದ ಮನೆಯಲ್ಲಿದ್ದುಕೊಂಡು, ಬೆಳಗಿನ ರೈಲಿನಲ್ಲಿ ಮಡಗಾಂವಿಗೆ ಹೋಗಿ, ರಫ್ತು ಮಾಡುವ ಒಂದು ಸಂಸ್ಥೆಗೆ ಎಲ್‌ಸಿ ದಾಖಲೆಗಳನ್ನು ಸಿದ್ಧಪಡಿಸಿಕೊಡುತ್ತೇನೆ. ಬ್ಯಾಂಕು ಎಲ್ಲಿ ತಪ್ಪು ಹುಡುಕುತ್ತದೆ ಎಂಬುದು ಗೊತ್ತಿರುವವನು ಅವರಿಗೆ ಬೇಕಾಗಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬ್ಯಾಕ್ ಆಫೀಸ್ ಎನ್ನುವುದು ಒಂದು ಕೆಲಸವಲ್ಲ. ಶಿರಸಿಯ ಅಡಿಕೆ ವಖಾರಿಗಳಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟುಗಳನ್ನು ಕೈಯಲ್ಲಿ ಹಿಡಿದು ದರ ಹೇಳಬಲ್ಲವರನ್ನೂ ಚೀಲ ಎಣಿಸಿ ಬರೆದುಕೊಳ್ಳುವವರನ್ನೂ ನೀವು ನೋಡಿರುತ್ತೀರಿ; ವಖಾರಿ ಮುಚ್ಚಿದರೆ ಇಬ್ಬರ ಗತಿ ಒಂದೇ ಆಗುವುದಿಲ್ಲ. ಎಲ್‌ಸಿ ಪರಿಶೀಲನೆ, ಅಕ್ರಮ ಹಣ ವರ್ಗಾವಣೆಯ ಶಂಕೆಯಿರುವ ವ್ಯವಹಾರಗಳ ತನಿಖೆ, ದೊಡ್ಡ ಖಾತೆಗಳ ರಿಕನ್ಸಿಲಿಯೇಷನ್ (ಎರಡು ಕಡೆಯ ಲೆಕ್ಕ ತಾಳೆ ನೋಡುವುದು) ಇವು ನಿರ್ಣಯ ಬೇಡುವ ಕೆಲಸಗಳು. ಸ್ಕ್ಯಾನಿಂಗ್, ಡೇಟಾ ಎಂಟ್ರಿ, ಅರ್ಜಿಯ ಕಾಲಮ್ ತುಂಬಿದೆಯೇ ಎಂದು ನೋಡುವುದು ಇವು ಕರಗುತ್ತಿರುವ ಕೆಲಸಗಳು. ಒಂದು ಕಾಲದಲ್ಲಿ ಚೆಕ್ಕುಗಳ ಕಟ್ಟುಗಳೇ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುತ್ತಿದ್ದವು. ಸಿಟಿಎಸ್ ಎಂಬ ವ್ಯವಸ್ಥೆ ಬಂದ ಮೇಲೆ ಚೆಕ್ಕಿನ ಚಿತ್ರ ಮಾತ್ರ ಹೋಗುತ್ತದೆ, ಕಟ್ಟು ಬಿಚ್ಚಿ ವಿಂಗಡಿಸುತ್ತಿದ್ದವರ ಕೆಲಸ ಉಳಿಯಲಿಲ್ಲ.

ಸಂಬಳದ ವಿಷಯದಲ್ಲಿ ನಿಮ್ಮ ಲೆಕ್ಕ ಸರಿಯಿಲ್ಲ. 3 ಲಕ್ಷ ಎಂದರೆ ತಿಂಗಳಿಗೆ 25,000 ಕೈಗೆ ಬರುತ್ತದೆ ಎಂದು ಬರೆದಿದ್ದೀರಿ. ಆ ಮೊತ್ತದೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ವಿಮೆ ಎಲ್ಲವೂ ಸಾಮಾನ್ಯವಾಗಿ ಸೇರಿರುತ್ತವೆ. ನಿಮ್ಮ ಪಾಲಿನ ಭವಿಷ್ಯನಿಧಿಯನ್ನೂ ಕಳೆದರೆ ಕೈಗೆ ಸಿಗುವುದು 20,000ದ ಆಸುಪಾಸು. ಇನ್ನೂ ಮುಖ್ಯವಾದದ್ದು, ನೀವು ಸೇರುವುದು ಬ್ಯಾಂಕಿನ ಸೇವೆಗೋ, ಬ್ಯಾಂಕಿನ ಕೆಲಸವನ್ನು ಗುತ್ತಿಗೆ ಪಡೆದ ಕಂಪನಿಗೋ ಎಂಬುದು. 2024ರ ಮಾರ್ಚ್ 8ರಂದು ಸಹಿಯಾದ ಬ್ಯಾಂಕುಗಳ ಮತ್ತು ನೌಕರ ಸಂಘಗಳ ನಡುವಿನ 12ನೇ ದ್ವಿಪಕ್ಷೀಯ ವೇತನ ಒಪ್ಪಂದದಂತೆ ಸರ್ಕಾರಿ ಬ್ಯಾಂಕಿನ ಗುಮಾಸ್ತರ ಆರಂಭಿಕ ಮೂಲವೇತನ 24,050 ರೂಪಾಯಿ, ಅದೇ ಹೊತ್ತಿಗೆ ಪರಿಷ್ಕೃತವಾದ ಅಧಿಕಾರಿಗಳದು 48,480 ರೂಪಾಯಿ, ತುಟ್ಟಿಭತ್ಯೆ ಬೇರೆ. ಗುತ್ತಿಗೆ ಕಂಪನಿಯವರಿಗೆ ಇದರ ಲಾಭವಿಲ್ಲ. ಜೆಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆ ಬರೆದು ಮೇಲೇರೋಣವೆಂದರೆ ಅದೂ ಬ್ಯಾಂಕ್ ನೌಕರರಿಗೆ ಮೀಸಲು.

ಹಗಲು ಕೆಲಸ ಮಾಡಿ ಸಂಜೆ ಸರ್ಕಾರಿ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯಾದ ಐಬಿಪಿಎಸ್‌ಗೆ ಓದುತ್ತೇನೆ ಎಂದಿದ್ದೀರಿ. ನನ್ನ ಜೊತೆಗಿದ್ದವರಲ್ಲಿ ಬಹಳಷ್ಟು ಜನ ಹಾಗೆಯೇ ಅಂದುಕೊಂಡು ಬಂದವರು. ಎನ್‌ಇಎಫ್‌ಟಿ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. ಅವುಗಳ ಹಿಂದಿನ ಕೆಲಸಕ್ಕೂ ರಾತ್ರಿ, ಭಾನುವಾರ ಎಂಬುದಿಲ್ಲ. ತಿಂಗಳ ಕೊನೆಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಮನೆ ಸೇರುವುದಿಲ್ಲ. ನಿಮ್ಮ ಗುರಿ ಐಬಿಪಿಎಸ್ ಆಗಿದ್ದರೆ ತಂದೆಯವರು ಹೇಳುವ ಸೊಸೈಟಿಯ ಕೆಲಸವನ್ನೇ ಹಿಡಿಯಿರಿ. ಸಾಮಾನ್ಯ ವರ್ಗದವರಿಗೆ ಗುಮಾಸ್ತರ ಹುದ್ದೆಗೆ 28, ಅಧಿಕಾರಿ ಹುದ್ದೆಗೆ 30ರ ವಯಸ್ಸಿನವರೆಗೆ ಅವಕಾಶವಿದೆ. ಮನೆಯಲ್ಲಿ ಉಂಡು, ಬಾಡಿಗೆಯ ಚಿಂತೆಯಿಲ್ಲದೆ ಎರಡು ವರ್ಷ ಕೂತು ಓದಬಹುದು.

ಬೆಂಗಳೂರಿಗೇ ಹೋಗುವುದಾದರೆ ಆಫರ್ ಪತ್ರಕ್ಕೆ ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಇಮೇಲ್ ಬರೆದು, ನನ್ನನ್ನು ಯಾವ ಪ್ರೊಸೆಸ್ಸಿಗೆ ಹಾಕುತ್ತೀರಿ, ಮೇಕರ್‌ನಿಂದ ಚೆಕ್ಕರ್ ಆಗಲು ಏನು ನಿಯಮ, ನಾನು ಯಾರ ಪೇರೋಲ್‌ನಲ್ಲಿ ಇರುತ್ತೇನೆ ಎಂದು ಕೇಳಿ. ಉತ್ತರವೂ ಬರಹದಲ್ಲೇ ಬರಲಿ. ಟ್ರೇಡ್ ಫೈನಾನ್ಸ್ (ಎಲ್‌ಸಿಯಂಥ ಕೆಲಸ) ಎಂಬ ಉತ್ತರ ಬಂದರೆ ಹೋಗಿ, ಚೆಕ್ಕರ್ ಆದ ಮೇಲೆ ಕನಿಷ್ಠ ಐದು ವರ್ಷ ಆ ಕುರ್ಚಿ ಬಿಡಬೇಡಿ. ಸೇರಿದ ಮೇಲೆ ತಿಳಿಸುತ್ತೇವೆ ಎಂದು ಬರೆದರೆ ಅದು ಡೇಟಾ ಎಂಟ್ರಿ ಎಂದೇ ತಿಳಿದು ಬೇಡವೆನ್ನಿ.