ಟ್ರ್ಯಾಕ್ಟರ್ ಬ್ಯಾಟರಿ ಕೇಬಲ್: 25 ಸಾಕಾ, 50 ಬೇಕಾ?

ನಿಮ್ಮ ಪ್ರಶ್ನೆ ಇಷ್ಟು. ಶಿರಸಿ ಹತ್ತಿರ ತೋಟ, ಮೂರು ಸಿಲಿಂಡರಿನ 40 ಎಚ್‌ಪಿ ಆಸುಪಾಸಿನ ಹಳೇ ಟ್ರ್ಯಾಕ್ಟರ್. ರೇಡಿಯೇಟರ್ ಮುಂದಿದ್ದ ಬ್ಯಾಟರಿಯನ್ನು ಹಿಂದಿನ ಮಡ್‌ಗಾರ್ಡ್ ಪಕ್ಕಕ್ಕೆ ತಂದಿದ್ದೀರಿ. ಆಮೇಲೆ ಬೆಳಗ್ಗೆ ಸೆಲ್ಫ್ ಹೊಡೆದರೆ ಕಟಕಟ ಅನ್ನುತ್ತದೆ, ಕೇಬಲ್ ಬಿಸಿಯಾಗುತ್ತದೆ. ಅಂಗಡಿಯವರು 25 ಸ್ಕ್ವೇರ್ ಎಂಎಂ (ಕೇಬಲ್ ಅಡ್ಡ ಕತ್ತರಿಸಿದರೆ ಕಾಣುವ ಲೋಹದ ಅಳತೆ) ಧಾರಾಳ ಆಯ್ತು ಅಂದಿದ್ದಾರೆ.

ಸಾಕಾಗುವುದಿಲ್ಲ. 50 ಹಾಕಿ.

ಯಾಕೆ ಅಂತ ಹೇಳುತ್ತೇನೆ. ಈ ಅಳತೆಯ ಡೀಸೆಲ್ ಇಂಜಿನ್ ತಿರುಗಿಸುವಾಗ ಸೆಲ್ಫ್ ಮೋಟರ್ ಸುಮಾರು 300 ಆಂಪಿಯರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಮೊದಲ ಕ್ಷಣದಲ್ಲಿ ಇನ್ನೂ ಜಾಸ್ತಿ. ಕರೆಂಟು ಹೋಗುವ ದಾರಿ ಮಾತ್ರ ಅಲ್ಲ, ವಾಪಸ್ ಬರುವ ದಾರಿಯನ್ನೂ ಅಳೆಯಬೇಕು. ಇದನ್ನೇ ಹೆಚ್ಚಿನವರು ಮರೆಯುವುದು. ನಿಮ್ಮದರಲ್ಲಿ ಪ್ಲಸ್ ಸುಮಾರು 2.25 ಮೀಟರ್, ಮೈನಸ್ ಕಡೆಯ ಅರ್ತ್ 1.25 ಮೀಟರ್ ಅಂದರೆ ಒಟ್ಟು 3.5 ಮೀಟರ್. ತಾಮ್ರಕ್ಕೆ ಲೆಕ್ಕ ಸುಲಭ: 0.0175 ಅನ್ನು ಉದ್ದದಿಂದ ಗುಣಿಸಿ, ಸ್ಕ್ವೇರ್ ಎಂಎಂನಿಂದ ಭಾಗಿಸಿ, ಆಂಪಿಯರ್‌ನಿಂದ ಗುಣಿಸಿ. ದಾರಿಯಲ್ಲೇ ಸೋರಿಹೋಗುವ ವೋಲ್ಟ್ ಸಿಗುತ್ತದೆ. 16ರಲ್ಲಿ 1.15 ವೋಲ್ಟ್. 25ರಲ್ಲಿ 0.74. 35ರಲ್ಲಿ 0.53. 50ರಲ್ಲಿ 0.37. ಎರಡೂ ಕಡೆ ಸೇರಿ ಅರ್ಧ ವೋಲ್ಟ್ ದಾಟಬಾರದು ಅನ್ನುವುದು ನಾನು ಪಾಲಿಸುವ ನಿಯಮ. 35 ಆ ಗಡಿಯನ್ನು ತುಸು ದಾಟುತ್ತದೆ, ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ಕಿವಿ) ಸ್ವಲ್ಪ ತುಕ್ಕು ಹಿಡಿದರೆ ಕತೆ ಮುಗಿಯಿತು. ಬ್ಯಾಟರಿ ಸೆಲ್ಫ್ ಪಕ್ಕದಲ್ಲೇ ಇದ್ದಿದ್ದರೆ ನಾನೂ 35 ಸಾಕು ಅನ್ನುತ್ತಿದ್ದೆ.

ಮುಕ್ಕಾಲು ವೋಲ್ಟ್ ಹೋದರೆ ಏನು ಮಹಾ ಅನಿಸಬಹುದು. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ ಅಲ್ವಾ? ಗಾಳಿಯನ್ನು ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಸೆಲ್ಫ್ ನಿಧಾನ ತಿರುಗಿದರೆ ಗಾಳಿ ಪಿಸ್ಟನ್ ರಿಂಗ್ ಸಂದಿಯಿಂದ ಜಾರುತ್ತದೆ, ಬಿಸಿಯೆಲ್ಲ ಸಿಲಿಂಡರ್ ಗೋಡೆಗೆ ಹೋಗುತ್ತದೆ, ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಮಾತ್ರ ಬರುತ್ತದೆ. ನಮ್ಮದು ಕುಮಟಾ ಕಡೆ, ಇಲ್ಲಿ ಚಳಿ ಅಂತ ಹೇಳುವಂಥದ್ದೇನೂ ಇಲ್ಲ. ದೇವಿಮನೆ ಘಟ್ಟ ಹತ್ತಿ ನಿಮ್ಮ ಶಿರಸಿ ಕಡೆ ಬಂದರೆ ಡಿಸೆಂಬರ್ ಬೆಳಗು ಬೇರೆಯೇ. ಆಯಿಲ್ ಗಟ್ಟಿ, ಬ್ಯಾಟರಿಯೂ ಸೋಮಾರಿ. ಕೇಬಲ್ಲಿನ ಬಡತನ ಆಗಲೇ ಗೊತ್ತಾಗುವುದು.

ಈಗ ನಾನು ಮೋಸ ಹೋದ ಕತೆ. ಒಂದು ಮಳೆಗಾಲ ಇದೇ ತೊಂದರೆ ಬಂದು, ಸುಮ್ನೆ ಹೊಸ ಬ್ಯಾಟರಿ ತಂದೆ. ಸರಿಯಾಗಲಿಲ್ಲ. ಒಂದು ಅಂಗಡಿಯಿಂದ ಹೆಬ್ಬೆರಳು ದಪ್ಪದ ಕೇಬಲ್ ತಂದು ಹಾಕಿದೆ. ಆಗಲೂ ಇಲ್ಲ. ಕೊನೆಗೆ ಸಿಟ್ಟಿನಲ್ಲಿ ಕತ್ತರಿಸಿ ನೋಡಿದರೆ ರಬ್ಬರೇ ಮುಕ್ಕಾಲು, ಒಳಗಿನ ಎಳೆ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ. ತಾಮ್ರದಷ್ಟೇ ಕರೆಂಟು ಸಾಗಿಸಲು ಅಲ್ಯೂಮಿನಿಯಂ ಸುಮಾರು 1.6 ಪಟ್ಟು ಸ್ಕ್ವೇರ್ ಎಂಎಂ ಬೇಕು. ಹಾಗಾಗಿ ಒಂದು ಎಳೆ ಚಾಕುವಿನಿಂದ ಕೆರೆದು ನೋಡಿ. ಒಳಗೆ ಬಿಳಿ ಕಂಡರೆ ಬೇಡ. ಇನ್ನೂ ಅನುಮಾನವಿದ್ದರೆ ತೂಗಿ. 50 ಸ್ಕ್ವೇರ್ ಕೇಬಲ್ ಒಂದು ಮೀಟರಿನಲ್ಲಿ ತಾಮ್ರವೇ ಸುಮಾರು 440 ಗ್ರಾಂ ಇರಬೇಕು, ಅಲ್ಯೂಮಿನಿಯಂನದಾದರೆ ಅದರ ಅರ್ಧವೂ ಇರುವುದಿಲ್ಲ. ಅಡಿಕೆ ತೂಗುವವರಿಗೆ ತಕ್ಕಡಿಗೇನು ಬರ!

ತಾಮ್ರದ ವೆಲ್ಡಿಂಗ್ ಕೇಬಲ್ ಸಿಕ್ಕರೆ ತನ್ನಿ, ಸಣ್ಣ ಎಳೆಗಳಿರುವುದರಿಂದ ಚೆನ್ನಾಗಿ ಬಾಗುತ್ತದೆ. ಕರಾವಳಿಯವರು ಇದನ್ನು ಓದುತ್ತಿದ್ದರೆ, ಬೋಟಿಗೆ ಹಾಕುವ ತವರ ಲೇಪದ ತಾಮ್ರದ ಕೇಬಲ್ ಕೇಳಿ. ಕಾರವಾರ, ತದಡಿಯಂಥ ಬಂದರಿನ ಕಡೆ ಬೋಟ್ ಎಲೆಕ್ಟ್ರಿಕ್ ಕೆಲಸದವರಿಗೆ ಗೊತ್ತಿರುತ್ತದೆ. ಉಪ್ಪು ಗಾಳಿಗೆ ಬೇಗ ಹಸಿರು ಕಟ್ಟುವುದಿಲ್ಲ. ಇದು ಹೊರಗೆ ಬೆಳ್ಳಗೆ, ಕೆರೆದರೆ ಕೆಂಪು. ಮೋಸದ್ದು ಇದಕ್ಕೆ ಉಲ್ಟಾ. ಇನ್ನು ವಿಡಿಯೊಗಳಲ್ಲಿ ಗೇಜ್ ಅಂತ ಹೇಳುವುದು ಅಮೆರಿಕದ ಅಳತೆ, ನಂಬರ್ ಇಳಿದಷ್ಟೂ ಕೇಬಲ್ ದಪ್ಪ. 2 ಗೇಜ್ ಅಂದರೆ ಹೆಚ್ಚುಕಡಿಮೆ ನಮ್ಮ 35.

ಲಗ್ಗನ್ನು ಸುತ್ತಿಗೆಯಲ್ಲಿ ಚಚ್ಚಬೇಡಿ. ಹೈಡ್ರಾಲಿಕ್ ಕ್ರಿಂಪರ್ ಇರುವವರ ಹತ್ತಿರ ಒತ್ತಿಸಿ, ಮೇಲೆ ಬಿಸಿಗೆ ಕುಗ್ಗಿ ಕೂರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿಸಿ. ಅರ್ತ್ ಕೇಬಲ್ಲೂ 50 ಆಗಿರಲಿ. ಅದನ್ನು ಮಡ್‌ಗಾರ್ಡ್ ತಗಡಿಗೆ ಕಟ್ಟದೆ, ಪೇಂಟ್ ಕೆರೆದು ಸೆಲ್ಫ್ ಕೂರಿಸಿರುವ ಬೋಲ್ಟಿಗೇ ಕೊಡಿ. ಅದಕ್ಕೆ ಉದ್ದ ಬೇಕಾದರೆ ಲೆಕ್ಕ ಮತ್ತೊಮ್ಮೆ ಹಾಕಿ.

ಪ್ಲಸ್ ಕೇಬಲ್ಲಿಗೆ ಫ್ಯೂಸ್ ಇರುವುದಿಲ್ಲ ಅನ್ನುವುದು ನೆನಪಿರಲಿ. ತಗಡಿನ ಅಂಚಿಗೆ ತಿಕ್ಕಿ ರಬ್ಬರ್ ಹರಿದರೆ ಬೆಂಕಿಯೇ. ತೋಟದ ಹಳೇ ಕರಿ ಪೈಪ್ ತುಂಡು ಸೀಳಿ ತೊಡಿಸಿ, ಕ್ಲಾಂಪ್ ಹೊಡೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಸವರಿ.

ದುಡ್ಡು ಖರ್ಚು ಮಾಡುವ ಮೊದಲು ಮಲ್ಟಿಮೀಟರ್ ತಂದು ಒಂದು ಪರೀಕ್ಷೆ ಮಾಡಿ. ಗೇರ್ ನ್ಯೂಟ್ರಲ್, ಬ್ರೇಕ್ ಹಾಕಿರಲಿ. ಡಿಸಿ 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ ಸೀಸದ ಮೇಲೆ, ಕಪ್ಪು ಕಡ್ಡಿ ಸೆಲ್ಫಿಗೆ ಕೇಬಲ್ ಬರುವ ದಪ್ಪ ಬೋಲ್ಟ್ ಮೇಲೆ. ಸ್ಟಾಪ್ ನಾಬ್ ಎಳೆದಿಟ್ಟು ಒಬ್ಬರು ಐದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಆಮೇಲೆ ಬ್ಯಾಟರಿ ಮೈನಸ್ ಮತ್ತು ಸೆಲ್ಫ್ ಬಾಡಿ ನಡುವೆ ಹಾಗೇ. ಎರಡೂ ಕಡೆಯದು ಸೇರಿ ಅರ್ಧ ವೋಲ್ಟ್ ಒಳಗಿದ್ದೂ ಸೆಲ್ಫ್ ನಿಧಾನ ತಿರುಗಿದರೆ ಕೇಬಲ್ ಮುಟ್ಟಬೇಡಿ. ಬ್ಯಾಟರಿ ಚಾರ್ಜ್ ನೋಡಿ, ಅದೂ ಸರಿ ಇದ್ದರೆ ಸೆಲ್ಫ್ ಬಿಚ್ಚಿಸಿ ಕಾರ್ಬನ್ ಬ್ರಷ್, ಬುಷ್ ನೋಡಿಸಿ.